ಇಲ್ಲಿ ನೀರು ಬರುತ್ತಾ?

ಸಂಕ್ರಾಂತಿ ಮುಗಿದ ಮೇಲೆ ಶಿವರಾತ್ರಿ ಬರುವವರೆಗೆ ನಮ್ಮ ನವುಲೆ ಕೆರೆ ಬೆಳಗಿನ ಹೊತ್ತು ಹೊಗೆಯಾಡುತ್ತದೆ. ಆರು ಗಂಟೆಗೆ ಹಾಲು ತರಲು ಹೊರಟರೆ ಏರಿಯ ಆಚೆ ನೀರಿರುವುದೇ ಕಾಣುವುದಿಲ್ಲ. ಯಾರೋ ದೊಡ್ಡ ಹಂಡೆಯಲ್ಲಿ ನೀರು ಕಾಯಲಿಟ್ಟು ಮರೆತುಹೋದ ಹಾಗೆ ಆವಿ ಮಾತ್ರ ಏಳುತ್ತಿರುತ್ತದೆ. ಹಗಲೆಲ್ಲ ಬಿಸಿಲು ಕುಡಿದ ನೀರು ರಾತ್ರಿ ಬೇಗ ತಣಿಯುವುದಿಲ್ಲ, ಸುತ್ತಲಿನ ನೆಲ ಬೇಗ ತಣಿಯುತ್ತದೆ. ಆ ನೆಲದ ಮೇಲಿನ ತಣ್ಣನೆ ಗಾಳಿ ಬೆಚ್ಚಗಿನ ನೀರಿನ ಮೇಲೆ ಜಾರಿ ಬಂದಾಗ ಆವಿ ಅಲ್ಲೇ ಮಂಜಾಗುತ್ತದೆ. ಹೈಸ್ಕೂಲಿನ ಮಕ್ಕಳಿಗೆ ನಾನು ಪಾಠ ಮಾಡುವುದು ಹೀಗೆ. ಅಪ್ಪನಿಗೆ ಈ ವಿವರಣೆಯಿಂದ ಏನೂ ಆಗಬೇಕಾಗಿಲ್ಲ. ಬಾಗಿಲಲ್ಲಿ ನಿಂತು ಮಂಜು ನೋಡಿ, “ಇನ್ನು ನಾಕು ದಿನ ಹಿಂಗೇ ಬಿದ್ರೆ ಮಾವಿನ ಹೂವೆಲ್ಲ ಕರಗಿಹೋಗುತ್ತೆ” ಎಂದು ಹೇಳಿ ಒಳಗೆ ಹೋಗುತ್ತಾನೆ. ಈಗ ನಮ್ಮದೆಂದು ಒಂದು ಮಾವಿನ ಮರವೂ ಇಲ್ಲ. ಆದರೂ ಪ್ರತಿ ವರ್ಷ ಹೇಳುತ್ತಾನೆ.

ನವುಲೆ ಎಂದರೆ ಶಿವಮೊಗ್ಗದವರಿಗೆ ಸವಳಂಗ ರಸ್ತೆಯ ಕಾಲೇಜುಗಳು. ಇಂಜಿನಿಯರಿಂಗ್ ಕಾಲೇಜು, ಕೃಷಿ ಕಾಲೇಜು, ಆಮೇಲೆ ಬಂದ ಕ್ರಿಕೆಟ್ ಮೈದಾನ. ಬೋರ್ಡುಗಳಲ್ಲಿ ಒಂದು ಕಡೆ ನವಿಲೆ ಎಂದಿದ್ದರೆ ಇನ್ನೊಂದು ಕಡೆ ನವುಲೆ. ಕೃಷಿ ಕಾಲೇಜಿನವರದು ನವಿಲೆ, ಬಸ್ ಕಂಡಕ್ಟರ್‌ನದು ನವುಲೆ. ನಾವು ಹುಟ್ಟಿ ಬೆಳೆದವರು ಕಂಡಕ್ಟರ್ ಪರ. ಊರು ಹಳ್ಳಿಯಾಗಿದ್ದದ್ದು, ನಗರ ಅದನ್ನು ನುಂಗಿದ್ದು, ನುಂಗಿದ ಮೇಲೂ ಬೆಳಗಿನ ಜಾವ ಕೋಳಿ ಕೂಗುವುದು, ಇವೆಲ್ಲ ಒಟ್ಟಿಗೇ ಇವೆ. ರಣಜಿ ಪಂದ್ಯ ನಡೆಯುವ ದಿನ ಮೈದಾನದ ಮೈಕು, ಹಾಸ್ಟೆಲ್ ಹುಡುಗರ ಬೈಕು, ಏರಿಯ ಮೇಲೆ ಎಮ್ಮೆ ಹೊಡೆದುಕೊಂಡು ಹೋಗುವವನ ಬೈಗುಳ, ಮೂರೂ ಒಂದೇ ಗಾಳಿಯಲ್ಲಿ ಕೇಳುತ್ತವೆ.

ಚಳಿಗಾಲದ ಈ ಕೊನೆಯ ತುಂಡು ನನಗೆ ವರ್ಷದಲ್ಲೇ ಇಷ್ಟದ ಕಾಲ. ಬೂರುಗದ ಮರ ಎಲೆಯೆಲ್ಲ ಉದುರಿಸಿ ಕೆಂಪು ಹೂವಷ್ಟನ್ನೇ ಇಟ್ಟುಕೊಂಡು ನಿಂತಿರುತ್ತದೆ. ಅಡಿಕೆಯ ಕೊನೆ ಕೊಯ್ಲು ಬೇಯುವ ಚೊಗರಿನ ವಾಸನೆ ತೋಟದ ಕಡೆಯಿಂದ ಬರುವವರ ಬಟ್ಟೆಗೇ ಅಂಟಿಕೊಂಡಿರುತ್ತದೆ. ಪೇಪರಿನಲ್ಲಿ ಭದ್ರಾ ನಾಲೆಗೆ ಬೇಸಿಗೆ ಬೆಳೆಯ ನೀರು ಎಂದಿನಿಂದ, ಎಷ್ಟು ದಿನ ಎಂಬ ಜಗಳ ಶುರುವಾಗುತ್ತದೆ. ಭದ್ರಾ ಜಲಾಶಯದ ಪೂರ್ಣ ಮಟ್ಟ 186 ಅಡಿ ಎನ್ನುವುದು ನಮ್ಮ ಜಿಲ್ಲೆಯಲ್ಲಿ ಶಾಲೆಗೆ ಹೋಗದವರಿಗೂ ಬಾಯಿಪಾಠ. ಇವತ್ತು ಎಷ್ಟಿದೆ, ಹೋದ ವರ್ಷ ಇದೇ ದಿನ ಎಷ್ಟಿತ್ತು ಎಂದು ಚಹಾದಂಗಡಿಯಲ್ಲಿ ಕ್ರಿಕೆಟ್ ಸ್ಕೋರಿನಂತೆ ಹೇಳುತ್ತಾರೆ. ನಮ್ಮ ಊರ ಕೆರೆಯ ಮಟ್ಟವನ್ನು ಮಾತ್ರ ಯಾವ ಪೇಪರೂ ಹಾಕುವುದಿಲ್ಲ. ಅದನ್ನು ನಾವೇ ದಂಡೆಯ ಮೇಲೆ ಓದಿಕೊಳ್ಳಬೇಕು.

ಓದುವುದು ಕಷ್ಟವಲ್ಲ. ಈ ಕಾಲದ ಒಣಗಾಳಿಗೆ ಕೆರೆಯ ನೀರು ದಿನಕ್ಕೆ ನಾಲ್ಕೈದು ಮಿಲಿಮೀಟರಿನಷ್ಟು ಆವಿಯಾಗುತ್ತದೆ. ದಂಡೆ ಸಪಾಟಾಗಿರುವ ಕಡೆ ಅಷ್ಟು ಇಳಿದರೂ ನೀರಿನಂಚು ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ಹೀಗೆ ಸರಿದ ಕಡೆಯೆಲ್ಲ ಕೆಸರು ಗೆರೆಗೆರೆಯಾಗಿ ಒಣಗಿರುತ್ತದೆ. ಆ ಗೆರೆಗಳ ನಡುವೆ ಸಿಪಿಲೆಗಳು ಬಾಲ ಕುಣಿಸುತ್ತ ಓಡಾಡುತ್ತವೆ. ನಮ್ಮ ಕಡೆ ಅದನ್ನು ಕುಂಡೆಕುಸ್ಕ ಎನ್ನುತ್ತಾರೆ, ಮಕ್ಕಳು ಆ ಹೆಸರು ಹೇಳಿ ನಗದೆ ಇರುವುದಿಲ್ಲ. ಹಿಮಾಲಯದ ಆಚೆಯಿಂದಲೂ ಬರುವ ಇವು ಬಿಸಿಲು ಬಲಿತಂತೆ ಬಡಗಣಕ್ಕೆ ಹೊರಟುಬಿಡುತ್ತವೆ. ಸೂಜಿಬಾಲದ ಬಾತುಗಳಿದ್ದರೆ ಅವೂ ಹೊರಡುತ್ತವೆ. ನಾಮದ ಕೋಳಿ, ಗುಳುಮುಳುಕ, ನೇರಳೆ ಜಂಬುಕೋಳಿಗಳು ಇಲ್ಲಿಯವೇ. ಜೊಂಡು ಇರುವಷ್ಟು ದಿನ ಇರುತ್ತವೆ.

ನೀರು ಇಳಿದು ನೆಲ ಕಾಣುವ ಈ ಕಾಲಕ್ಕೆ ಇನ್ನೊಂದು ಗುಂಪೂ ಬರುತ್ತದೆ. ಸೈಟು ನೋಡುವವರು.

ಇದು ನನಗೆ ಅರ್ಥವಾಗಲು ಸುಮಾರು ವರ್ಷ ಬೇಕಾಯಿತು. ಮಳೆಗಾಲದಲ್ಲಿ ಯಾವ ದಲ್ಲಾಳಿಯೂ ಗಿರಾಕಿಯನ್ನು ನಮ್ಮ ಬೀದಿಗೆ ಕರೆತರುವುದಿಲ್ಲ. ಮಾಘ ಹುಟ್ಟುತ್ತಿದ್ದಂತೆ ಕಾರುಗಳು ಬರುತ್ತವೆ. ನೆಲ ಒಣಗಿ ಗಟ್ಟಿಯಾಗಿರುತ್ತದೆ, ಹಸಿರು ಇನ್ನೂ ಪೂರ್ತಿ ಹೋಗಿರುವುದಿಲ್ಲ, ದೂರದಲ್ಲಿ ಬೆಳ್ಳಗೆ ಕೆರೆ, ಅದರ ಮೇಲೆ ಒಂದು ಬೆಳ್ಳಕ್ಕಿ. “ಲೇಕ್ ವ್ಯೂ ಸಾರ್” ಎನ್ನುತ್ತಾನೆ ದಲ್ಲಾಳಿ. 2023ರ ಫೆಬ್ರವರಿಯಲ್ಲಿ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾದ ಮೇಲೆ ಅದರ ಜತೆಗೆ “ಏರ್‌ಪೋರ್ಟೂ ಬಂತಲ್ಲ ಸಾರ್” ಎನ್ನುವುದೂ ಸೇರಿಕೊಂಡಿದೆ. ಏರ್‌ಪೋರ್ಟು ಊರಿನ ಇನ್ನೊಂದು ದಿಕ್ಕಿಗಿದೆ ಎನ್ನುವುದನ್ನು ಯಾರೂ ಕೇಳುವುದಿಲ್ಲ.

ಕೆರೆಯ ಕೆಳಗಿನ ಆ ಬಯಲಲ್ಲಿ ನಮ್ಮದು ಒಂದು ಎಕರೆ ಹತ್ತು ಗುಂಟೆ ಗದ್ದೆ ಇತ್ತು. ತೂಬಿನಿಂದ ಬಂದ ನೀರು ಮೊದಲು ಮೇಲಿನವರ ಗದ್ದೆಗೆ, ಆಮೇಲೆ ನಮ್ಮ ಗದ್ದೆಗೆ, ಅಲ್ಲಿಂದ ಕೆಳಗಿನವರಿಗೆ. ತೂಬು ಎತ್ತುವ ನೀರುಗಂಟಿಗೆ ಸುಗ್ಗಿಯಲ್ಲಿ ಭತ್ತ ಅಳೆದು ಕೊಡುತ್ತಿದ್ದರು. ಕೆರೆಯ ಒಂದು ತುದಿಯಲ್ಲಿ ಕೋಡಿ. ಕೆರೆ ತುಂಬಿದ ಮೇಲೆ ಬರುವ ನೀರು ಏರಿಯ ಮೇಲೆ ಹತ್ತಿ ಅದನ್ನು ಒಡೆಯಬಾರದೆಂದು ಬಿಟ್ಟ ದಾರಿ ಅದು. ಕೋಡಿಯಿಂದ ಹೊರಬಿದ್ದ ನೀರು ಹಳ್ಳ ಹಿಡಿಯುತ್ತಿತ್ತು, ಹಳ್ಳ ಸಾಲದಾದಾಗ ಗದ್ದೆಬಯಲಿನ ಮೇಲೆ ಹಾಸಿಕೊಳ್ಳುತ್ತಿತ್ತು. ಭತ್ತಕ್ಕೆ ಎರಡು ದಿನ ಮೊಣಕಾಲುದ್ದ ನೀರು ನಿಂತರೆ ಏನೂ ಆಗುವುದಿಲ್ಲ. ಅಪ್ಪ ಬದುವಿನ ಮೇಲೆ ನಿಂತು ಬೀಡಿ ಸೇದುತ್ತ ನೋಡುತ್ತಿದ್ದ, ಮೂರನೇ ದಿನ ಹೋಗಿ ಮಡೆ ಕಡಿದು ಬಿಡುತ್ತಿದ್ದ. ಕೆರೆಗೂ ಗದ್ದೆಗೂ ಇದ್ದ ಈ ಒಪ್ಪಂದ ಯಾವ ಕಾಗದದಲ್ಲೂ ಇರಲಿಲ್ಲ.

ಸವಳಂಗ ರಸ್ತೆ ಹಿಡಿದು ಶಿಕಾರಿಪುರ ದಾಟಿ ಹೋದರೆ ತಾಳಗುಂದ ಸಿಗುತ್ತದೆ. ವರ್ಷಕ್ಕೊಮ್ಮೆ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಪ್ರಣವೇಶ್ವರ ದೇವಸ್ಥಾನದ ಮುಂದಿನ ಕಂಬದಲ್ಲಿ ಐದನೇ ಶತಮಾನದ ಕದಂಬರ ಶಾಸನವಿದೆ, ಬರೆದವನು ಕುಬ್ಜ ಎಂಬ ಕವಿ. ಮಯೂರಶರ್ಮ ಕಂಚಿಯಲ್ಲಿ ಅವಮಾನಗೊಂಡು ಕತ್ತಿ ಹಿಡಿದ ಕಥೆಗಾಗಿ ಎಲ್ಲರೂ ಅದನ್ನು ನೆನೆಯುತ್ತಾರೆ. ಅಷ್ಟು ವಂಶಾವಳಿ ಹೇಳಿ ಶಾಸನ ಕೊನೆಗೆ ಬಂದು ನಿಲ್ಲುವುದು ಒಂದು ಕೆರೆಗೆ. ದೇವಸ್ಥಾನದ ಬಳಿ ಕಾಕುಸ್ಥವರ್ಮ ಕಟ್ಟಿಸಿದ ಕೆರೆ ಅದು. ಕೆರೆ ಕಟ್ಟಿಸಿದವರ ಹೆಸರು ಹೀಗೆ ಕಲ್ಲಿನ ಮೇಲೆ ಉಳಿದಿದೆ, ನಮ್ಮ ಜಿಲ್ಲೆಯಲ್ಲೇ ಅಂಥವು ಬೇಕಾದಷ್ಟಿವೆ. ಕೆರೆ ತುಂಬಿ ಹೊರಗೆ ಬಂದ ನೀರು ಎಲ್ಲಿಯವರೆಗೆ ಹರಡುತ್ತದೆ ಎನ್ನುವುದು ಮಾತ್ರ ಬದುವಿನ ಮೇಲೆ ನಿಂತು ಬೀಡಿ ಸೇದಿದವರ ತಲೆಯಲ್ಲಿ ಇತ್ತು. ಅವರು ಒಬ್ಬೊಬ್ಬರೇ ಹೋಗುತ್ತಿದ್ದಾರೆ.

ಅಪ್ಪ ಗದ್ದೆ ಮಾರಿದ್ದು 2009ರಲ್ಲಿ. ಅಕ್ಕನ ಮದುವೆಯ ಸಾಲ ಇತ್ತು, ನನ್ನ ಓದಿನದೂ ಇತ್ತು, ಮೇಲಿನವರೂ ಕೆಳಗಿನವರೂ ಆಗಲೇ ಮಾರಿ ಆಗಿತ್ತು. ನಡುವೆ ಒಂದೇ ಗದ್ದೆ ಇಟ್ಟುಕೊಂಡು ಭತ್ತ ಬೆಳೆಯುವುದು ಆಗದ ಮಾತು. ಹಕ್ಕಿಗಳೆಲ್ಲ ನಮ್ಮೊಬ್ಬರ ಮೇಲೇ ಬೀಳುತ್ತಿದ್ದವು. ಅವನನ್ನು ನಾನು ದೂರಲಾರೆ. ಒಂದು ವಿಷಯ ಮಾತ್ರ ಹೇಳಬೇಕು. ಮಾರುವಾಗ ಅಪ್ಪ ತನಗೆಂದು ಒಂದು ಸೈಟಿನಷ್ಟು ಜಾಗ ಉಳಿಸಿಕೊಂಡ. ಉಳಿಸಿಕೊಂಡದ್ದು ಕಣದ ಜಾಗವನ್ನು.

ಕಣ ಮಾಡಿ ಗೊತ್ತಿಲ್ಲದವರಿಗೆ ಇದರ ಅರ್ಥ ಹೊಳೆಯುವುದಿಲ್ಲ. ಭತ್ತ ಬಡಿಯುವ ಕಣವನ್ನು, ಹುಲ್ಲಿನ ಬಣವೆಯನ್ನು ಗದ್ದೆಯ ಅತಿ ಎತ್ತರದ ಮೂಲೆಯಲ್ಲಿ ಮಾಡುತ್ತಾರೆ. ಯಾವ ಮಳೆಗೂ ಅಲ್ಲಿ ನೀರು ನಿಲ್ಲಬಾರದು. ಕೊಂಡವರಿಗೆ ನಕ್ಷೆಯಲ್ಲಿ ಎಲ್ಲ ಸೈಟೂ ಒಂದೇ, ಮೂವತ್ತು ನಲವತ್ತರ ಚೌಕ. ಅಪ್ಪನ ಕಣ್ಣಿಗೆ ಅವು ಎಂದೂ ಒಂದೇ ಆಗಿರಲಿಲ್ಲ.

ನಮ್ಮ ಪಕ್ಕದ ಸೈಟಿಗೆ 2017ರ ಫೆಬ್ರವರಿಯಲ್ಲಿ ಒಂದು ದಂಪತಿ ಬಂದರು. ಭದ್ರಾವತಿಯವರು. ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ಬಂದ ದುಡ್ಡು, ಅದರಲ್ಲಿ ಮನೆ ಆಗಬೇಕು, ಮಗಳು ಶಿವಮೊಗ್ಗದಲ್ಲಿ ಓದಬೇಕು. ಗಂಡನಿಗೆ ಧೂಳಿನಿಂದ ಉಬ್ಬಸ, ಮಫ್ಲರ್ ಸುತ್ತಿಕೊಂಡು ಕಾರಿನ ಪಕ್ಕದಲ್ಲೇ ನಿಂತಿದ್ದರು. ಹೆಂಡತಿ ಸೈಟಿನೊಳಗೆ ಇಳಿದು ಮೂಲೆಯಿಂದ ಮೂಲೆಗೆ ನಡೆದರು. ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಪುಡಿ ಮಾಡಿ ನೋಡಿದರು. ಆ ಕಪ್ಪು ಮಣ್ಣಿನಲ್ಲಿ ಬಿಳಿಚಿದ ಬಸವನಹುಳುವಿನ ಚಿಪ್ಪುಗಳಿದ್ದವು. ನಾನು ಬೇಲಿಯ ಈಚೆಯಿಂದ ನೋಡುತ್ತಿದ್ದೆ. ನೀರು ನಿಲ್ಲುವ ಗದ್ದೆಯಲ್ಲೇ ಆ ಹುಳು ಆಗುವುದು ಎಂದು ನನಗೆ ಗೊತ್ತಿತ್ತು.

“ಇವರು ಮೇಷ್ಟ್ರು. ಇಲ್ಲಿನ ಹಳಬರು. ಇವರನ್ನೇ ಕೇಳಿ ಬೇಕಾದ್ರೆ” ಎಂದ ದಲ್ಲಾಳಿ.

ಆ ಅಮ್ಮ ನೇರವಾಗಿ ಕೇಳಿದರು. “ಮೇಷ್ಟ್ರೆ, ಮಳೆಗಾಲದಲ್ಲಿ ಇಲ್ಲಿ ನೀರು ಬರುತ್ತಾ?”

ಎರಡು ವರ್ಷ ಸತತ ಬರಗಾಲ ಬಿದ್ದು ಆ ಹೊತ್ತಿಗೆ ಕೆರೆಯಂಗಳದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ನಡುವಿನ ಒಂದು ಹೊಂಡದಲ್ಲಷ್ಟೇ ನೀರು. ಬೇಸಿಗೆಗೆ ಮೊದಲೇ ಕೆರೆಬೇಟೆ ಆದೀತೆಂದು ಯಾರೋ ಅಟ್ಟದ ಮೇಲಿಂದ ಕೂಣಿ ಇಳಿಸಿ ಕಟ್ಟು ಬಿಗಿಮಾಡಿಸಿದ್ದರು. (2024ರಲ್ಲಿ ‘ಕೆರೆಬೇಟೆ’ ಎಂಬ ಸಿನಿಮಾ ಬಂದಮೇಲೆ ನನ್ನ ವಿದ್ಯಾರ್ಥಿಗಳಿಗೆ ಈ ಶಬ್ದ ಗೊತ್ತಾಗಿದೆ. ಬಿದಿರಿನ ಕೂಣಿಯನ್ನು ಕೆಸರಿಗೆ ಒತ್ತಿ ಮೇಲಿನ ಬಾಯಿಂದ ಕೈ ಹಾಕಿ ಮೀನು ಹಿಡಿಯುವುದನ್ನು ಕಣ್ಣಾರೆ ಕಂಡವರು ಅವರಲ್ಲಿ ಕಡಿಮೆ.) ನಾನು ಆ ಬತ್ತಿದ ಕೆರೆಯ ಕಡೆಗೆ ನೋಡಿ ಹೇಳಿದೆ.

“ಎರಡು ವರ್ಷದಿಂದ ಕೆರೆ ಕೋಡಿನೇ ಬಿದ್ದಿಲ್ಲಮ್ಮ.”

ಒಂದಕ್ಷರವೂ ಸುಳ್ಳಲ್ಲ. ದಲ್ಲಾಳಿ ನಕ್ಕ. ಅವರು ಕೈಯ ಮಣ್ಣು ಕೊಡವಿಕೊಂಡು, ಗಂಡನ ಕಡೆ ನೋಡಿ ತಲೆಯಾಡಿಸಿದರು.

ಯಾಕೆ ಹಾಗೆ ಹೇಳಿದೆ ಎಂದು ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಬೇರೆಯವರ ವ್ಯಾಪಾರ ನಾನ್ಯಾಕೆ ಕೆಡಿಸಲಿ ಎನ್ನುವುದು ಒಂದು. ದಲ್ಲಾಳಿಯ ಮಗ ನನ್ನ ತರಗತಿಯಲ್ಲಿದ್ದ ಎನ್ನುವುದು ಇನ್ನೊಂದು. ಇವೆರಡನ್ನೂ ಬಹಳ ದಿನ ನಂಬಿದೆ. ನಿಜವಾದ ಕಾರಣ ಇಷ್ಟು ಮರ್ಯಾದೆಯದ್ದಲ್ಲ. ಅದೇ ತಿಂಗಳು ಮಹಡಿ ಕಟ್ಟಲು ಬ್ಯಾಂಕಿಗೆ ಸಾಲದ ಅರ್ಜಿ ಹಾಕಿದ್ದೆ. ಮನೆಯ ಬೆಲೆ ಕಟ್ಟುವವರು ಮುಂದಿನ ವಾರ ಬರುವವರಿದ್ದರು. ಈ ಬೀದಿಗೆ ನೀರು ಬರುತ್ತದೆ ಎನ್ನುವ ಮಾತು ನನ್ನ ಬಾಯಿಂದಲೇ ಹೊರಗೆ ಹೋಗುವುದು ನನಗೆ ಬೇಡವಾಗಿತ್ತು.

ಸಾಲ ಸಿಕ್ಕಿತು. ಮಹಡಿಯೂ ಎದ್ದಿತು. ಪಕ್ಕದಲ್ಲಿ ಅವರ ಮನೆಯೂ ಎದ್ದಿತು, ಗೃಹಪ್ರವೇಶಕ್ಕೆ ನಾವು ಸ್ಟೀಲಿನ ಕೊಳಗ ಉಡುಗೊರೆ ಕೊಟ್ಟೆವು.

2019ರ ಆಗಸ್ಟ್ ತಿಂಗಳನ್ನು ಶಿವಮೊಗ್ಗದವರು ಮರೆತಿಲ್ಲ. ತುಂಗೆ ಉಕ್ಕಿ ಊರೊಳಗೆ ಬಂದಿದ್ದಳು, ಬಡಾವಣೆಗಳಲ್ಲಿ ದೋಣಿಯಲ್ಲಿ ಜನರನ್ನು ಹೊರಗೆ ತರುತ್ತಿದ್ದರು. ಟೀವಿಯವರೆಲ್ಲ ಹೊಳೆಯ ಹತ್ತಿರ ಇದ್ದರು. ನಮ್ಮ ಕಡೆ ಯಾರೂ ಬರಲಿಲ್ಲ, ಬರುವಂಥದ್ದೂ ಏನಿರಲಿಲ್ಲ. ಕೆರೆ ಕೋಡಿ ಬಿತ್ತು, ಅಷ್ಟೇ. ಹಳ್ಳ ಇದ್ದ ಕಡೆ ಈಗ ಸಿಮೆಂಟಿನ ಚರಂಡಿ ಇತ್ತು, ಅದು ಒಂದು ಗಂಟೆಯಲ್ಲಿ ತುಂಬಿತು. ಆಮೇಲೆ ನೀರು ತನಗೆ ಗೊತ್ತಿದ್ದ ಹಾಗೆ ಮಾಡಿತು, ಹಳೆಯ ಗದ್ದೆಬಯಲಿನ ಮೇಲೆ ಹಾಸಿಕೊಂಡಿತು. ಮೊಣಕಾಲುದ್ದ. ಭತ್ತಕ್ಕೆ ಏನೂ ಆಗದ ಎತ್ತರ.

ರಾತ್ರಿ ಎರಡೂವರೆಗೆ ಅವರು ಬಾಗಿಲು ಬಡಿದರು. ಗಂಡ, ಹೆಂಡತಿ, ಮಗಳು, ಒಂದು ಹೊಲಿಗೆ ಯಂತ್ರ. ನಮ್ಮ ಮನೆಯ ಕೊನೆಯ ಎರಡು ಮೆಟ್ಟಿಲು ಒಣಗಿಯೇ ಇದ್ದವು. ನಾಲ್ಕು ರಾತ್ರಿ ನಮ್ಮ ಮಹಡಿಯಲ್ಲಿ ಮಲಗಿದರು, ಅದೇ ಸಾಲದ ಮಹಡಿ. ಐದನೇ ದಿನ ಬಿಸಿಲು ಬಂದಾಗ ಆ ಅಮ್ಮ ನೆಂದ ಅಕ್ಕಿಯನ್ನು ನಮ್ಮ ತಾರಸಿಯ ಮೇಲೆ ಸೀರೆ ಹಾಸಿ ಹರಡಿದರು. ನಾನು ಚೀಲ ಹೊತ್ತುಕೊಟ್ಟೆ. ಹರಡುತ್ತ ಹರಡುತ್ತ ಒಮ್ಮೆ ತಲೆಯೆತ್ತಿ ಕೆರೆಯ ಕಡೆ ನೋಡಿದರು, ಆಮೇಲೆ ನಮ್ಮ ಮೆಟ್ಟಿಲ ಕಡೆ ನೋಡಿದರು. ಏನೂ ಹೇಳಲಿಲ್ಲ. ನಾನು ಆ ಕ್ಷಣಕ್ಕೆ ಕಾದಿದ್ದೆ. ಒಂದು ಬೈಗುಳವಾದರೂ ಬಂದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಅವರು ಇವತ್ತಿನವರೆಗೂ ಆ ಮಾತು ಎತ್ತಿಲ್ಲ. ಪ್ರತಿ ವರ್ಷ ಈ ಚಳಿಯ ಕೊನೆಯಲ್ಲಿ ಅವರೆಕಾಯಿ ಸೊಗಡು ಬಿಟ್ಟಾಗ ಹಿತಕಿದ ಬೇಳೆ ಸಾರು ಮಾಡಿ ಒಂದು ಡಬ್ಬಿ ನಮಗೆ ಕೊಡುತ್ತಾರೆ. ಹಿತಕುವುದು ಎಷ್ಟು ತಾಳ್ಮೆಯ ಕೆಲಸ ಎಂದು ಮಾಡಿದವರಿಗೇ ಗೊತ್ತು. ಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಒಂದೊಂದನ್ನೇ ಬೆರಳ ನಡುವೆ ಒತ್ತಿ ಸಿಪ್ಪೆಯಿಂದ ಹಾರಿಸಬೇಕು. ಆ ಸಾರು ನನ್ನ ಗಂಟಲಲ್ಲಿ ಸುಲಭವಾಗಿ ಇಳಿದದ್ದಿಲ್ಲ. ಹೆಂಡತಿಗೆ ಕಾರಣ ಗೊತ್ತು. ಮಕ್ಕಳಿಗೆ ಗೊತ್ತಿಲ್ಲ, ಅವರು ಇನ್ನಷ್ಟು ಬಡಿಸು ಎನ್ನುತ್ತಾರೆ.

ಒಂದು ಸಂಗತಿ ನಾನು ಗಮನಿಸಿದ್ದೇನೆ. ಪ್ರವಾಹದ ಮರುವರ್ಷ ಅವರು ಮನೆಗೆ ಬಣ್ಣ ಹೊಡೆಸಿದರು. ಕಾಂಪೌಂಡ್ ಗೋಡೆಯ ಒಳಮೈಗೆ ಮಾತ್ರ ಹೊಡೆಸಲಿಲ್ಲ. ನೀರು ನಿಂತಿದ್ದ ಮಟ್ಟಕ್ಕೆ ಕೆಸರಿನ ಒಂದು ಕಂದು ಗೆರೆ ಇದೆ, ಸ್ಕೇಲಿಟ್ಟು ಎಳೆದ ಹಾಗೆ. ಪೇಂಟರ್ ಕೇಳಿದ್ದಕ್ಕೆ, “ಇರಲಿ ಬಿಡಪ್ಪ” ಎಂದದ್ದು ನನ್ನ ಕಿವಿಗೆ ಬಿದ್ದಿತ್ತು.

ಈ ನಡುವೆ ಕೆರೆಗಳ ಸುತ್ತ ಎಷ್ಟು ಜಾಗ ಬಿಡಬೇಕೆಂಬ ಚರ್ಚೆ ಬೇಕಾದಷ್ಟು ನಡೆದಿದೆ. ಬೆಂಗಳೂರಿನ ಕೆರೆಗಳಿಗೆ 75 ಮೀಟರ್ ಬಿಡಿ ಎಂದು 2016ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತ್ತು, 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಮೀಟರಿನ ಲೆಕ್ಕ ಬೇಕು, ನಾನು ಬೇಡ ಎನ್ನುವುದಿಲ್ಲ. ಆದರೆ ನಮ್ಮ ಬೀದಿ ಕೆರೆಯ ದಂಡೆಯಿಂದ ಅದಕ್ಕಿಂತ ಬಹಳ ದೂರ ಇದೆ. ಇಲ್ಲಿ ಸೈಟು ಕೊಳ್ಳುವವರು ಖಾತೆ, ಭೂಪರಿವರ್ತನೆ ಎಲ್ಲ ಸರಿಯಾಗಿ ನೋಡುತ್ತಾರೆ. ಆ ಮೇಲೆ ಬೇಲಿಯ ಪಕ್ಕದವರನ್ನು ಒಂದು ಮಾತು ಕೇಳುತ್ತಾರೆ.

ಈ ಸಲ ರಥಸಪ್ತಮಿ ಕಳೆದ ಭಾನುವಾರ ಬೀದಿಯ ಇನ್ನೊಂದು ಖಾಲಿ ಸೈಟಿಗೆ ಒಬ್ಬ ಹುಡುಗ ಬಂದ. ಮೂವತ್ತರ ಒಳಗಿನವನು, ಬೆಂಗಳೂರಿನಲ್ಲಿ ಕೆಲಸ. ತೀರ್ಥಹಳ್ಳಿ ಕಡೆಯವರಂತೆ. ಅಪ್ಪ ಅಮ್ಮನಿಗೆ ವಯಸ್ಸಾಯಿತು, ಆಸ್ಪತ್ರೆ ಹತ್ತಿರ ಇರಲಿ ಎಂದು ಶಿವಮೊಗ್ಗದಲ್ಲಿ ಮನೆ ನೋಡುತ್ತಿದ್ದಾನೆ. ಜತೆಗೆ ಬೇರೆ ದಲ್ಲಾಳಿ. ಬೆಳಗಿನ ಮಂಜು ಆಗ ತಾನೆ ಕರಗಿತ್ತು. ಪಕ್ಕದ ಅಮ್ಮ ಗೇಟಿನ ಕಟ್ಟೆಯ ಮೇಲೆ ಕುಳಿತು ಮೊರದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು, ಅವರ ಗಂಡ ಮಫ್ಲರ್ ಸುತ್ತಿ ಎಳೆಬಿಸಿಲಿಗೆ ಬೆನ್ನು ಕೊಟ್ಟಿದ್ದರು. ನಾನು ಸ್ಕೂಟರ್ ಒರೆಸುತ್ತಿದ್ದೆ.

ಹುಡುಗ ಅವರ ಹತ್ತಿರ ಹೋಗಿ ಕೇಳಿದ. “ಆಂಟಿ, ಇಲ್ಲಿ ಮಳೆಗಾಲದಲ್ಲಿ ನೀರಿನ ಪ್ರಾಬ್ಲಂ ಏನಾದರೂ ಇದೆಯಾ?”

ಅವರು ಕೈಯಲ್ಲಿದ್ದ ಕಾಯಿಯನ್ನು ಪೂರ್ತಿ ಸುಲಿದು ಕಾಳು ಮೊರಕ್ಕೆ ಹಾಕಿದರು. ನನ್ನ ಕಡೆ ಕೈ ತೋರಿಸಿದರು. “ಮೇಷ್ಟ್ರನ್ನ ಕೇಳಪ್ಪ. ಅವರು ಇಲ್ಲಿನ ಹಳಬರು.”

ಅದೇ ಮಾತು. ಎಂಟೊಂಬತ್ತು ವರ್ಷದ ಹಿಂದೆ ದಲ್ಲಾಳಿ ಆಡಿದ ಅದೇ ಮಾತು. ದನಿಯಲ್ಲಿ ಕೊಂಕು ಇತ್ತೇ ಎಂದು ನಾನು ಅವರ ಮುಖ ನೋಡಿದೆ. ಅವರು ಆಗಲೇ ಇನ್ನೊಂದು ಕಾಯಿ ಎತ್ತಿಕೊಂಡಿದ್ದರು.

ಬಟ್ಟೆ ಸ್ಕೂಟರಿನ ಮೇಲೆ ಹಾಕಿ ಹೋದೆ. “ಒಳಗೆ ಬರಬಹುದಾ ಅಕ್ಕ?” ಎಂದು ಅವರನ್ನು ಕೇಳಿ, ಹುಡುಗನನ್ನು ಅವರ ಕಾಂಪೌಂಡಿನ ಒಳಗೆ ಕರೆದುಕೊಂಡು ಹೋಗಿ ಗೋಡೆಯ ಗೆರೆ ತೋರಿಸಿದೆ. “ಇಷ್ಟು ಬಂದಿತ್ತು. 2019ರಲ್ಲಿ. ಮೊದಲೂ ಬರ್ತಿತ್ತು, ಆಗ ಗದ್ದೆ ಇತ್ತು. ನೀವು ನೋಡ್ತಿರೋ ಸೈಟು ಇದಕ್ಕಿಂತ ಒಂದು ಗೇಣು ತಗ್ಗಿದೆ.” ಹುಡುಗ ಗೋಡೆಯ ಪಕ್ಕ ನಿಂತು ತನ್ನ ಮೊಣಕಾಲಿಗೆ ಅಳೆದುಕೊಂಡ. ದಲ್ಲಾಳಿ ಫೋನು ಬಂದವನಂತೆ ದೂರ ಹೋದ.

“ಮತ್ತೆ ನಿಮ್ಮ ಮನೆಗೆ?” ಎಂದ ಹುಡುಗ.

“ನಮ್ಮನೆಗೆ ಬಂದಿಲ್ಲ. ನಮ್ಮದು ಕಣದ ಜಾಗ.”

ಅವನಿಗೆ ಅದು ತಿಳಿಯಲಿಲ್ಲ, ತೀರ್ಥಹಳ್ಳಿಯವನಾದರೂ. ವಿವರಿಸಿ ಹೇಳಿದೆ. ಹೇಳುವಾಗ ಆ ಅಮ್ಮನೂ ಕೇಳಿಸಿಕೊಳ್ಳುತ್ತಿದ್ದರು, ಕಾಯಿ ಸುಲಿಯುವ ಸದ್ದು ನಿಂತಿತ್ತು. ಅಷ್ಟಕ್ಕೇ ಬಿಡಬಹುದಿತ್ತು. ನಾನು ಅವರ ಕಡೆ ತಿರುಗಿ, “ಇವರು ತಗೊಳ್ಳುವಾಗಲೂ ನನಗೆ ಗೊತ್ತಿತ್ತು. ಹೇಳಿರಲಿಲ್ಲ” ಎಂದೆ.

ಹುಡುಗನಿಗೆ ಮುಜುಗರವಾಯಿತು. ಗಂಡ ಮಫ್ಲರ್ ಸರಿಮಾಡಿಕೊಂಡರು. ಆ ಅಮ್ಮ ಸ್ವಲ್ಪ ಹೊತ್ತು ಮೊರ ನೋಡುತ್ತ ಕೂತಿದ್ದು, “ಗೊತ್ತು ಮೇಷ್ಟ್ರೆ” ಎಂದರು. “ಆ ದಿನ ನೀವು ಕೆರೆ ಕಡೆ ನೋಡಿ ಮಾತಾಡಿದ್ರಿ. ನನ್ನ ಕಡೆ ನೋಡಲಿಲ್ಲ.”

ಇಷ್ಟೇ. ಕ್ಷಮಿಸಿದೆ ಎಂದೂ ಅನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಸಂಜೆಗೆ ಸಾರಿನ ಡಬ್ಬಿ ಬಂತು. ಮಾಮೂಲಿನ ಹಾಗೆ ಮಗಳ ಕೈಯಲ್ಲಿ ಕಳಿಸದೆ ಈ ಸಲ ಅವರೇ ತಂದು ಕೊಟ್ಟರು. ಅದಕ್ಕೆ ಏನು ಅರ್ಥ ಹಚ್ಚಬೇಕೋ ನನಗೆ ಗೊತ್ತಾಗಿಲ್ಲ. ದಲ್ಲಾಳಿಯ ಫೋನು ರಾತ್ರಿ ಬಂತು. ಅವನ ಮಾತನ್ನು ಇಲ್ಲಿ ಬರೆಯುವಂತಿಲ್ಲ.

ಊಟಕ್ಕೆ ಕುಳಿತಾಗ ಅಪ್ಪ ಕೇಳಿದ. “ಬೆಳಿಗ್ಗೆ ಯಾರೋ ಬಂದಿದ್ರಲ್ಲ, ಸೈಟಿಗಾ?”

“ಹೂಂ.”

“ಏನಂದೆ?”

“ನೀರು ಬರುತ್ತೆ ಅಂದೆ.”

ಅಪ್ಪ ತುತ್ತು ಕಲಸುತ್ತಲೇ ಇದ್ದ. ಬೈಯುತ್ತಾನೆ ಎಂದುಕೊಂಡೆ. ಸಾರು ಇನ್ನೊಂದು ಸೌಟು ಹಾಕಿಸಿಕೊಂಡು, “ಎಲ್ಲಿವರೆಗೆ ಅಂತ ಹೇಳಿದ್ಯಾ?” ಎಂದ.

“ಗೋಡೆ ಗೆರೆ ತೋರಿಸಿದೆ.”

“ಅದು ಒಂದು ವರ್ಷದ್ದು” ಎಂದ ಅಪ್ಪ.

ಮಾರನೇ ದಿನ ಬೆಳಿಗ್ಗೆ ಆರೂವರೆಗೆ ಅವನು ಕೋಲು ಹಿಡಿದು ಹೊರಟ. ಎಪ್ಪತ್ತೆಂಟು ವರ್ಷ, ಮಂಡಿ ನೋವು. ಈ ಚಳಿಯಲ್ಲಿ ಬೇಡ ಎಂದರೆ ಕೇಳಲಿಲ್ಲ. ನಾನು ಹಿಂದೆ ಹೋದೆ. ಮಂಜಿನಲ್ಲಿ ಬೀದಿದೀಪಗಳು ಇನ್ನೂ ಉರಿಯುತ್ತಿದ್ದವು, ಏರಿಯ ಮೇಲೆ ಕಾಲೇಜು ಹುಡುಗರು ಓಡುವ ಸದ್ದು ಕೇಳುತ್ತಿತ್ತು, ಆಳು ಕಾಣುತ್ತಿರಲಿಲ್ಲ. ಕೋಡಿಯ ಹತ್ತಿರ ಹೋಗಿ ಅಪ್ಪ ತಿರುಗಿ ನಿಂತ. ಅಲ್ಲಿಂದ ಚರಂಡಿ ಬಿಟ್ಟು ಓರೆಯಾಗಿ, ಮನೆಗಳ ನಡುವಿನ ಸಂದಿಯಲ್ಲಿ, ಖಾಲಿ ಸೈಟುಗಳ ಮೇಲೆ ನಡೆಯತೊಡಗಿದ. ಮನೆಗಳೇ ಇಲ್ಲವೇನೋ ಎಂಬಂತೆ ನಡೆಯುತ್ತಿದ್ದ. ಕೆಲವು ಕಡೆ ನಿಂತು ಕೋಲಿನಿಂದ ನೆಲಕ್ಕೆ ಒಂದು ಗೀರು ಹಾಕುತ್ತಿದ್ದ. “ನಿನ್ನಕ್ಕ ಹುಟ್ಟಿದ ವರ್ಷ ಇಲ್ಲಿವರೆಗೆ.” ಇನ್ನೊಂದು ಕಡೆ, “ಇಲ್ಲಿಗೆ ಒಂದೇ ಸಲ ಬಂದಿದ್ದು. ಎತ್ತು ಕೊಚ್ಚಿಕೊಂಡು ಹೋಗಿತ್ತು.” ನಾನು ಫೋನಿನಲ್ಲಿ ಗುರುತು ಮಾಡಿಕೊಳ್ಳುತ್ತ ಹೋದೆ. ಹತ್ತೊಂಬತ್ತು ಗುರುತು ಆದವು. ಅದರಲ್ಲಿ ಎಂಟು ಯಾರದೋ ಅಂಗಳದ ಒಳಗಿವೆ.

ಎರಡಂತಸ್ತಿನ ಒಂದು ಹೊಸ ಮನೆಯ ಮುಂದೆ ಅಪ್ಪ ನಿಂತ. ಯಜಮಾನರು ಗೇಟಿನ ಒಳಗೆ ಕಾಫಿ ಲೋಟ ಹಿಡಿದು ನಿಂತಿದ್ದರು.

“ಏನಜ್ಜ, ಇಷ್ಟು ಬೆಳಿಗ್ಗೆನೇ?”

ಅಪ್ಪ ಕೋಲಿನ ತುದಿಯನ್ನು ಅವರ ಗೇಟಿನ ಕಲ್ಲುಕಂಬಕ್ಕೆ, ಕೆಳಗಿನಿಂದ ಎರಡು ಗೇಣು ಮೇಲೆ ತಾಗಿಸಿದ. “ಒಂದ್ನಿಮಿಷ ಹೊರಗೆ ಬನ್ನಿ” ಎಂದ.